ಅಮೃತಬಳ್ಳಿ: ಗುರುತು, ಗುಣ ಮತ್ತು ಬಳಕೆಯ ಮಿತಿ

ನಮ್ಮ ನಾಡಿನ ಬೇಲಿಗಳಲ್ಲಿ, ಬದುಗಳ ಮೇಲೆ, ಬೇವು ಹೊಂಗೆಗಳ ಕೊಂಬೆಗಳಲ್ಲಿ ಯಾರೂ ನೆಡದೆ, ನೀರೆರೆಯದೆ ತಾನಾಗಿ ಬೆಳೆದು ಹಬ್ಬುವ ಬಳ್ಳಿಗಳಲ್ಲಿ ಅಮೃತಬಳ್ಳಿ ಮುಖ್ಯವಾದುದು. ಬರಗಾಲದಲ್ಲಿಯೂ ಇದು ಸಾಯುವುದಿಲ್ಲ. ಕತ್ತರಿಸಿ ಬೇಲಿಯ ಮೇಲೆ ಎಸೆದ ತುಂಡು ಸಹ ಮಳೆ ಬಿದ್ದೊಡನೆ ಚಿಗುರುತ್ತದೆ. ಜ್ವರ ಬಂದಾಗ ಇದರ ಕಾಂಡವನ್ನು ಜಜ್ಜಿ ಕಷಾಯ ಮಾಡಿ ಕುಡಿಯುವ ಪದ್ಧತಿ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಂದಿದೆ.

2020ರಲ್ಲಿ ಕೋವಿಡ್ ಪಿಡುಗು ಹರಡಿದಾಗ ಈ ಬಳ್ಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಹಿಂದೆ ಎಂದೂ ಇದನ್ನು ಮುಟ್ಟದವರೂ ತಿಂಗಳುಗಟ್ಟಲೆ ದಿನವೂ ಕುಡಿದರು. ಅದಾದ ಸ್ವಲ್ಪ ಕಾಲದಲ್ಲಿಯೇ, ಇದನ್ನು ಕುಡಿದ ಕೆಲವರ ಯಕೃತ್ತಿಗೆ ಹಾನಿಯಾಗಿದೆ ಎಂಬ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಹೀಗಾಗಿ ಇದು ಅಮೃತವೋ ವಿಷವೋ ಎಂಬ ಪ್ರಶ್ನೆ ಅನೇಕರ ಮನಸ್ಸಿನಲ್ಲಿದೆ. ಸರಿಯಾದ ಬಳ್ಳಿ, ಸರಿಯಾದ ಭಾಗ, ಸರಿಯಾದ ಪ್ರಮಾಣ, ಸರಿಯಾದ ರೋಗಿ ಈ ನಾಲ್ಕೂ ಕೂಡಿದಾಗ ಮಾತ್ರ ಯಾವುದೇ ಮೂಲಿಕೆ ಔಷಧಿಯಾಗುತ್ತದೆ. ಈ ನಾಲ್ಕನ್ನೂ ರೈತ ಬಾಂಧವರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಹೆಸರುಗಳು

ಸಸ್ಯಶಾಸ್ತ್ರದಲ್ಲಿ ಈ ಬಳ್ಳಿಗೆ ಟೈನೋಸ್ಪೋರ ಕಾರ್ಡಿಫೋಲಿಯ ಎಂದು ಹೆಸರು. ಇದು ಮೆನಿಸ್ಪರ್ಮೇಸಿ ಕುಟುಂಬಕ್ಕೆ ಸೇರಿದೆ. ಹಿಂದಿಯಲ್ಲಿ ಗಿಲೋಯ್, ಮರಾಠಿಯಲ್ಲಿ ಗುಳವೇಲ್, ತೆಲುಗಿನಲ್ಲಿ ತಿಪ್ಪತೀಗ, ತಮಿಳಿನಲ್ಲಿ ಶೀಂದಿಲ್ ಕೊಡಿ, ಮಲಯಾಳದಲ್ಲಿ ಚಿಟ್ಟಮೃತು ಎಂದು ಕರೆಯುತ್ತಾರೆ.

ಸಂಸ್ಕೃತದಲ್ಲಿ ಗುಡೂಚಿ ಎಂಬುದು ಪ್ರಸಿದ್ಧವಾದ ಹೆಸರು. ಇದಲ್ಲದೆ ಇನ್ನೂ ಹಲವು ಹೆಸರುಗಳಿದ್ದು, ಒಂದೊಂದೂ ಬಳ್ಳಿಯ ಒಂದೊಂದು ಲಕ್ಷಣವನ್ನು ಹೇಳುತ್ತದೆ. ಕತ್ತರಿಸಿದರೂ ಮತ್ತೆ ಬೆಳೆಯುವುದರಿಂದ ಛಿನ್ನರುಹಾ. ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಗಾಲಿಯ ಅರಗಳಂತಹ ಗುರುತು ಕಾಣುವುದರಿಂದ ಚಕ್ರಲಕ್ಷಣಿಕಾ. ಸುತ್ತಿಕೊಂಡು ಬೆಳೆಯುವುದರಿಂದ ಕುಂಡಲಿನೀ. ಕರುಗಳು ಇದನ್ನು ಮೇಯುವುದರಿಂದ ವತ್ಸಾದನೀ. ಅಮೃತಾ ಎಂಬ ಹೆಸರಿಗೆ ಭಾವಪ್ರಕಾಶ ಗ್ರಂಥದಲ್ಲಿ ಒಂದು ಕಥೆಯಿದೆ. ರಾವಣನ ವಧೆಯಾದ ಮೇಲೆ, ಯುದ್ಧದಲ್ಲಿ ಸತ್ತ ಕಪಿಗಳನ್ನು ಬದುಕಿಸಲು ಇಂದ್ರನು ಅಮೃತದ ಮಳೆ ಸುರಿಸಿದನಂತೆ. ಕಪಿಗಳ ಮೈಯಿಂದ ಅಮೃತದ ಹನಿಗಳು ನೆಲಕ್ಕೆ ಬಿದ್ದ ಕಡೆಗಳಲ್ಲಿ ಈ ಬಳ್ಳಿ ಹುಟ್ಟಿತೆಂದು ಆ ಗ್ರಂಥ ಹೇಳುತ್ತದೆ.

ಸಸ್ಯ ಪರಿಚಯ

ಅಮೃತಬಳ್ಳಿ ಬಹುವಾರ್ಷಿಕವಾದ ದೊಡ್ಡ ಹಂಬು. ಎಳೆಯ ಕಾಂಡ ಹಸಿರಾಗಿ ನುಣುಪಾಗಿರುತ್ತದೆ. ಬಲಿತ ಕಾಂಡ ರಸಭರಿತವಾಗಿ, ಬೆರಳಿನಿಂದ ಹೆಬ್ಬೆರಳಿನ ಗಾತ್ರದವರೆಗೆ ಅಥವಾ ಅದಕ್ಕಿಂತ ದಪ್ಪವಾಗಿ ಬೆಳೆದು, ಮೇಲೆ ತೆಳುವಾದ ಕಂದು ಬಣ್ಣದ ಸಿಪ್ಪೆಯನ್ನು ಪಡೆಯುತ್ತದೆ. ಈ ಸಿಪ್ಪೆ ಕಾಗದದಂತೆ ಸುಲಿದು ಬರುತ್ತದೆ. ಉಗುರಿನಿಂದ ಅದನ್ನು ಕೆರೆದರೆ ಒಳಗೆ ಅಚ್ಚ ಹಸಿರು ಕಾಣುತ್ತದೆ. ಕಾಂಡದ ಮೇಲೆ ಅಲ್ಲಲ್ಲಿ ಚುಕ್ಕೆಯಂತಹ ಸಣ್ಣ ಉಸಿರು ರಂಧ್ರಗಳಿರುತ್ತವೆ.

ಎಲೆಗಳು ಹೃದಯದ ಆಕಾರದವು, ನುಣುಪಾದವು, ಉದ್ದ ತೊಟ್ಟಿನವು. ಮರದ ಮೇಲೆ ಹಬ್ಬಿದ ಬಳ್ಳಿಯಿಂದ ದಾರದಂತಹ ಉದ್ದನೆಯ ಗಾಳಿಬೇರುಗಳು ಕೆಳಕ್ಕೆ ಇಳಿಬಿದ್ದಿರುತ್ತವೆ. ದೂರದಿಂದಲೇ ಬಳ್ಳಿಯನ್ನು ಕಂಡುಹಿಡಿಯಲು ಇವು ಸಹಾಯಕ. ಬೇಸಿಗೆಯಲ್ಲಿ ಎಲೆಗಳು ಉದುರಿ, ಹಸಿರು ಮಿಶ್ರಿತ ಹಳದಿಯ ಸಣ್ಣ ಹೂಗಳು ಗೊಂಚಲಾಗಿ ಬರುತ್ತವೆ. ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ ಬಳ್ಳಿಗಳಲ್ಲಿರುವುದರಿಂದ ಎಲ್ಲ ಬಳ್ಳಿಗಳಲ್ಲಿ ಕಾಯಿ ಕಾಣುವುದಿಲ್ಲ. ಕಾಯಿ ಬಟಾಣಿ ಗಾತ್ರದ್ದು, ಗುಂಡಗಿನದು, ಹಣ್ಣಾದಾಗ ಕೆಂಪಾಗುತ್ತದೆ.

ಹೋಲುವ ಬಳ್ಳಿಗಳು: ಮೊದಲ ಎಚ್ಚರಿಕೆ

ಹೃದಯದಾಕಾರದ ಎಲೆಯುಳ್ಳ ಬಳ್ಳಿಗಳೆಲ್ಲ ಅಮೃತಬಳ್ಳಿಯಲ್ಲ. ಕಾಂಡದೊಳಗಿನ ಚಕ್ರದ ಗುರುತು ನೋಡಿ ನಿರ್ಧರಿಸುವುದು ವಾಡಿಕೆ. ಆದರೆ ಇದೇ ಕುಟುಂಬದ ಇತರ ಬಳ್ಳಿಗಳ ಕಾಂಡದಲ್ಲಿಯೂ ಅಂತಹದೇ ಚಕ್ರ ಕಾಣುವುದರಿಂದ ಆ ಗುರುತೊಂದನ್ನೇ ನಂಬುವುದು ಸರಿಯಲ್ಲ. ಮುಖ್ಯವಾಗಿ ಮೂರು ಬಳ್ಳಿಗಳ ಬಗ್ಗೆ ಎಚ್ಚರ ಅಗತ್ಯ.

1. ಟೈನೋಸ್ಪೋರ ಕ್ರಿಸ್ಪ: ಇದು ಅಮೃತಬಳ್ಳಿಯ ದಾಯಾದಿ. ಇದರ ಕಾಂಡ ಬೂದು ಬಣ್ಣದ್ದಾಗಿದ್ದು, ಮೈತುಂಬ ಎದ್ದು ಕಾಣುವ ಗಂಟುಗಳಿರುತ್ತವೆ. ಕತ್ತರಿಸಿದಾಗ ಹಾಲಿನಂತಹ ರಸ ಒಸರುತ್ತದೆ. ಹೂವಿಗೆ 3 ದಳಗಳು. ಹಣ್ಣು ಮೊಟ್ಟೆಯಂತೆ ಉದ್ದುದ್ದವಾಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಿಜವಾದ ಅಮೃತಬಳ್ಳಿಯ ಕಾಂಡದಲ್ಲಿ ಇಂತಹ ಗಂಟುಗಳಿಲ್ಲ, ಹಾಲು ಬರುವುದಿಲ್ಲ, ಹೂವಿಗೆ 6 ದಳಗಳು, ಹಣ್ಣು ಗುಂಡಗೆ ಕೆಂಪಾಗಿರುತ್ತದೆ. ಕ್ರಿಸ್ಪ ಜಾತಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ.

2. ಟೈನೋಸ್ಪೋರ ಸೈನೆನ್ಸಿಸ್: ಇದೂ ಅದೇ ಕುಲದ್ದು. ಇದರ ಎಲೆಯ ಮೇಲೆ, ವಿಶೇಷವಾಗಿ ಕೆಳಮೈಯಲ್ಲಿ, ಮೃದುವಾದ ರೋಮಗಳಿರುತ್ತವೆ. ಅಮೃತಬಳ್ಳಿಯ ಎಲೆಯನ್ನು ಬೆರಳಿನಿಂದ ಸವರಿದರೆ ನುಣುಪಾಗಿರುತ್ತದೆ. ವ್ಯಾಪಾರದಲ್ಲಿ ಇವೆರಡೂ ಬೆರೆಯುವುದುಂಟು.

3. ಕಾಗೆಮಾರಿ ಅಥವಾ ಕಾಕಮಾರಿ: ಮಲೆನಾಡು ಮತ್ತು ಕರಾವಳಿಯ ಕಾಡುಗಳಲ್ಲಿ ಬೆಳೆಯುವ ಈ ಹಂಬೂ ಇದೇ ಕುಟುಂಬದ್ದು. ಎಲೆ ಹೃದಯಾಕಾರದ್ದೇ ಆದರೂ ಬಹಳ ದೊಡ್ಡದು. ಬಲಿತ ಕಾಂಡದ ತೊಗಟೆ ಬೆಂಡಿನಂತೆ ದಪ್ಪವಾಗಿ ಉದ್ದುದ್ದ ಸೀಳಿರುತ್ತದೆ. ಇದರ ಬೀಜ ಉಗ್ರವಾದ ವಿಷ. ಹಿಂದೆ ಹೊಳೆಯ ಮೀನನ್ನು ಮಂಕಾಗಿಸಿ ಹಿಡಿಯಲು ಇದನ್ನು ಬಳಸುತ್ತಿದ್ದರು. ಕಾಡಿನಿಂದ ಬಳ್ಳಿ ತರುವವರು ಇದರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

ಗುರುತಿನಲ್ಲಿ ಸ್ವಲ್ಪ ಅನುಮಾನವಿದ್ದರೂ ಎಲೆ, ಕಾಂಡ, ಸಾಧ್ಯವಾದರೆ ಹೂ ಕಾಯಿಗಳ ಸಹಿತ ತುಂಡೊಂದನ್ನು ಹತ್ತಿರದ ಕೃಷಿ ಅಥವಾ ತೋಟಗಾರಿಕೆ ಕಾಲೇಜಿಗೋ ಆಯುರ್ವೇದ ಕಾಲೇಜಿಗೋ ಒಯ್ದು ತೋರಿಸಬೇಕು. ಒಮ್ಮೆ ಖಚಿತಪಡಿಸಿಕೊಂಡ ಬಳ್ಳಿಯಿಂದ ತುಂಡು ತಂದು ಮನೆಯ ಹತ್ತಿರ ನೆಟ್ಟುಕೊಂಡರೆ ಮುಂದೆ ಹುಡುಕುವ ತೊಂದರೆಯೂ ಇಲ್ಲ, ತಪ್ಪುವ ಭಯವೂ ಇಲ್ಲ.

ಆಯುರ್ವೇದದಲ್ಲಿ ಹೇಳಿರುವ ಗುಣಗಳು

ಆಯುರ್ವೇದದ ಪ್ರಕಾರ ಗುಡೂಚಿಯ ರುಚಿ ಕಹಿ ಮತ್ತು ಒಗರು. ಇದು ಉಷ್ಣವೀರ್ಯವುಳ್ಳದ್ದು, ಜೀರ್ಣವಾದ ಮೇಲೆ ಮಧುರವಾಗಿ ಪರಿಣಮಿಸುತ್ತದೆ. ಸಾಮಾನ್ಯವಾಗಿ ಒಂದು ಮೂಲಿಕೆ ಒಂದೆರಡು ದೋಷಗಳನ್ನು ತಗ್ಗಿಸಿದರೆ, ಇದು ವಾತ, ಪಿತ್ತ, ಕಫ ಮೂರನ್ನೂ ಶಮನಗೊಳಿಸುತ್ತದೆಂದು ಹೇಳಲಾಗಿದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬುದ್ಧಿಶಕ್ತಿಯನ್ನು ಹೆಚ್ಚಿಸುವ ನಾಲ್ಕು ರಸಾಯನಗಳಲ್ಲಿ ಗುಡೂಚಿಯ ರಸ ಒಂದು. ಉಳಿದ ಮೂರು ಮಂಡೂಕಪರ್ಣಿಯ ರಸ, ಯಷ್ಟಿಮಧುವಿನ ಚೂರ್ಣ ಮತ್ತು ಶಂಖಪುಷ್ಪಿಯ ಕಲ್ಕ.

ಇದನ್ನು ಮುಖ್ಯವಾಗಿ ಕೆಳಗಿನ ತೊಂದರೆಗಳಲ್ಲಿ ಬಳಸುತ್ತಾರೆ.

ಜ್ವರ: ಇದು ಅಮೃತಬಳ್ಳಿಯ ಅತ್ಯಂತ ಪ್ರಸಿದ್ಧ ಉಪಯೋಗ. ಬಿಟ್ಟು ಬಿಟ್ಟು ಬರುವ ಜ್ವರ, ಹಳೆಯ ಜ್ವರ, ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿ ಇವುಗಳಲ್ಲಿ ವೈದ್ಯರು ಇದನ್ನು ಕೊಡುತ್ತಾರೆ. ಅಮೃತಾರಿಷ್ಟ, ಸಂಶಮನಿ ವಟಿ ಮುಂತಾದ ಔಷಧಿಗಳ ಮುಖ್ಯ ವಸ್ತು ಇದೇ. ಅಮೃತೋತ್ತರ ಕಷಾಯದಲ್ಲಿ ಶುಂಠಿ 2 ಪಾಲು, ಅಳಲೆಕಾಯಿ 4 ಪಾಲು, ಅಮೃತಬಳ್ಳಿ 6 ಪಾಲು ಸೇರುತ್ತವೆ.

ವಾತರಕ್ತ: ಕಾಲಿನ ಹೆಬ್ಬೆರಳು ಮತ್ತು ಸಣ್ಣ ಕೀಲುಗಳು ಕೆಂಪಾಗಿ ಊದಿ ನೋಯುವ ರೋಗವಿದು. ಇದರ ಚಿಕಿತ್ಸೆಯಲ್ಲಿ ಗುಡೂಚಿಗೆ ಅಗ್ರಸ್ಥಾನ. ಕೈಶೋರ ಗುಗ್ಗುಲು, ಅಮೃತಾ ಗುಗ್ಗುಲು ಎಂಬ ಗುಳಿಗೆಗಳಲ್ಲಿ ಇದು ಸೇರಿರುತ್ತದೆ.

ಪ್ರಮೇಹ: ಮೂತ್ರಸಂಬಂಧದ ರೋಗಗಳನ್ನೂ ಸಿಹಿಮೂತ್ರವನ್ನೂ ಒಳಗೊಂಡ ಈ ಗುಂಪಿಗೆ ಗುಡೂಚಿಯ ರಸವನ್ನು ಜೇನುತುಪ್ಪದೊಡನೆ ಕೊಡಬೇಕೆಂದು ಶಾರ್ಙ್ಗಧರ ಸಂಹಿತೆ ಹೇಳುತ್ತದೆ.

ಚರ್ಮರೋಗ: ಅಮೃತಬಳ್ಳಿ, ಬೇವು, ಆಡುಸೋಗೆ, ನೆಲಗುಳ್ಳ ಮತ್ತು ಕಹಿಪಡವಲ ಈ ಐದು ಕಹಿ ಮೂಲಿಕೆಗಳಿಗೆ ಪಂಚತಿಕ್ತ ಎಂದು ಹೆಸರು. ಇವುಗಳಿಂದ ತಯಾರಿಸಿದ ತುಪ್ಪವನ್ನು ಚರ್ಮದ ಕಾಯಿಲೆಗಳಲ್ಲಿ ಬಳಸುತ್ತಾರೆ.

ಕಾಮಾಲೆ: ಇದರಲ್ಲಿಯೂ ರಸವನ್ನು ಜೇನಿನೊಡನೆ ಬೆಳಿಗ್ಗೆ ಕೊಡುವ ವಿಧಾನ ಹಳೆಯ ಗ್ರಂಥಗಳಲ್ಲಿದೆ. ಆದರೆ ಈ ಉಪಯೋಗದ ಬಗ್ಗೆ ಈಗ ಎಚ್ಚರ ಅಗತ್ಯವಾಗಿದ್ದು, ಅದನ್ನು ಮುಂದೆ ವಿವರಿಸಲಾಗಿದೆ.

ಒಂದೇ ಮೂಲಿಕೆಯನ್ನು ಬೇರೆ ಬೇರೆ ಅನುಪಾನಗಳೊಡನೆ ಕೊಟ್ಟು ಬೇರೆ ಬೇರೆ ಫಲ ಪಡೆಯುವುದು ಆಯುರ್ವೇದದ ಕ್ರಮ. ಗುಡೂಚಿಯನ್ನು ತುಪ್ಪದೊಡನೆ ವಾತಕ್ಕೆ, ಸಕ್ಕರೆಯೊಡನೆ ಪಿತ್ತಕ್ಕೆ, ಜೇನಿನೊಡನೆ ಕಫಕ್ಕೆ, ಬೆಲ್ಲದೊಡನೆ ಮಲಬದ್ಧತೆಗೆ, ಹರಳೆಣ್ಣೆಯೊಡನೆ ವಾತರಕ್ತಕ್ಕೆ, ಶುಂಠಿಯೊಡನೆ ಆಮವಾತಕ್ಕೆ ಕೊಡುವುದು ವೈದ್ಯರಲ್ಲಿ ರೂಢಿ. ಯಾರಿಗೆ ಏನು ಬೇಕೆಂದು ನಾಡಿ, ದೇಹಸ್ಥಿತಿ ನೋಡಿ ನಿರ್ಧರಿಸುವುದು ವೈದ್ಯನ ಕೆಲಸ. ಎಲ್ಲರೂ ಎಲ್ಲ ಕಾಲದಲ್ಲಿಯೂ ಕುಡಿಯಬೇಕೆಂಬ ಮಾತು ಈ ಕ್ರಮಕ್ಕೆ ಹೊಂದುವುದಿಲ್ಲ.

ಬಳಸುವ ಭಾಗ ಮತ್ತು ಪ್ರಮಾಣ

ಔಷಧಿಗೆ ಮುಖ್ಯವಾಗಿ ಬೇಕಾದುದು ಬಲಿತ ಕಾಂಡ. ಕೇಂದ್ರ ಸರ್ಕಾರ ಪ್ರಕಟಿಸಿರುವ ಭಾರತೀಯ ಆಯುರ್ವೇದ ಔಷಧಕೋಶದಲ್ಲಿ ಒಣಗಿದ ಕಾಂಡದ ಪುಡಿಗೆ ದಿನಕ್ಕೆ 3ರಿಂದ 6 ಗ್ರಾಂ, ಕಷಾಯಕ್ಕಾದರೆ 20ರಿಂದ 30 ಗ್ರಾಂ ಪ್ರಮಾಣವನ್ನು ಸೂಚಿಸಲಾಗಿದೆ. ಇದು ವಯಸ್ಕರಿಗೆ ಹೇಳಿದ್ದು. ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಹಸಿಯಾಗಿ ಸಿಗುವ ಮೂಲಿಕೆಗಳನ್ನು ಬಳಸುವಾಗ ಒಣಗಿದುದರ ಎರಡರಷ್ಟು ತೂಕ ತೆಗೆದುಕೊಳ್ಳಬೇಕೆಂಬುದು ಆಯುರ್ವೇದದ ಸಾಮಾನ್ಯ ನಿಯಮ. ಆದರೆ ಗುಡೂಚಿಯನ್ನು ಸದಾ ಹಸಿಯಾಗಿಯೇ ಬಳಸಬೇಕು ಮತ್ತು ಅದರ ತೂಕವನ್ನು ಎರಡರಷ್ಟು ಮಾಡಬಾರದು ಎಂದು ಶಾರ್ಙ್ಗಧರ ಸಂಹಿತೆ ವಿಶೇಷವಾಗಿ ಹೇಳಿದೆ. ಬೇಲಿಯಲ್ಲಿಯೇ ಬಳ್ಳಿಯುಳ್ಳ ರೈತರಿಗೆ ಇದು ಅನುಕೂಲಕರವಾದ ವಿಷಯ. ಮಾರಾಟಕ್ಕೆ ಮಾತ್ರ ಒಣಗಿಸುವುದು ಅನಿವಾರ್ಯ.

ಕಷಾಯ ಮಾಡುವ ಕ್ರಮ: ಹೆಬ್ಬೆರಳಿನ ಗಾತ್ರದ ಬಲಿತ ಕಾಂಡವನ್ನು ತಂದು ಚೆನ್ನಾಗಿ ತೊಳೆದು, ಮೇಲಿನ ಕಂದು ಸಿಪ್ಪೆಯನ್ನು ಕೆರೆದು ತೆಗೆಯಬೇಕು. ತಕ್ಕಡಿಯಲ್ಲಿ 25 ಗ್ರಾಂ ತೂಗಿ, ಸಣ್ಣ ತುಂಡುಗಳಾಗಿ ಕತ್ತರಿಸಿ, ಒರಳಿನಲ್ಲಿ ಜಜ್ಜಬೇಕು. ಅದಕ್ಕೆ 16 ಪಾಲು, ಅಂದರೆ 400 ಮಿಲಿಲೀಟರ್ ನೀರು ಹಾಕಿ, ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿ ಕುದಿಸಬೇಕು. ಎಂಟನೆಯ ಒಂದು ಪಾಲು, ಅಂದರೆ ಸುಮಾರು 50 ಮಿಲಿಲೀಟರ್ ಉಳಿದಾಗ ಇಳಿಸಿ ಸೋಸಬೇಕು. ದಿನದಿನದ ಕಷಾಯವನ್ನು ಅಂದಂದೇ ಮಾಡಿಕೊಳ್ಳಬೇಕು. ಹಿಂದಿನ ದಿನದ್ದನ್ನು ಇಟ್ಟು ಕುಡಿಯಬಾರದು.

ಸತ್ವ ತೆಗೆಯುವ ಕ್ರಮ: ಹಸಿ ಕಾಂಡವನ್ನು ಸಿಪ್ಪೆ ತೆಗೆದು, ತುಂಡರಿಸಿ, ಚೆನ್ನಾಗಿ ಜಜ್ಜಿ, ನಾಲ್ಕು ಪಾಲು ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೆಳಿಗ್ಗೆ ಕೈಯಿಂದ ಚೆನ್ನಾಗಿ ಹಿಸುಕಿ, ಬಟ್ಟೆಯಲ್ಲಿ ಸೋಸಿ, ನೀರನ್ನು ಅಲುಗಾಡಿಸದೆ ಬಿಡಬೇಕು. ಕೆಲವು ಗಂಟೆಗಳಲ್ಲಿ ಬಿಳಿಯ ಹಿಟ್ಟು ತಳದಲ್ಲಿ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಮೆಲ್ಲನೆ ಬಗ್ಗಿಸಿ, ಹಿಟ್ಟನ್ನು ಒಣಗಿಸಿ ಇಟ್ಟುಕೊಳ್ಳಬೇಕು. ಇದೇ ಗುಡೂಚಿ ಸತ್ವ ಅಥವಾ ಅಮೃತಸತ್ವ. ಇದರ ಬಹುಭಾಗ ಪಿಷ್ಟ. ಇಳುವರಿ ಬಹಳ ಕಡಿಮೆ ಇರುವುದರಿಂದ ಪೇಟೆಯಲ್ಲಿ ಇದಕ್ಕೆ ಬೇರೆ ಹಿಟ್ಟನ್ನು ಬೆರೆಸುವ ಸಂಭವವಿದೆ.

ಮಲೆನಾಡಿನ ಮನೆಗಳಲ್ಲಿ ಎಳೆಯ ಎಲೆಗಳಿಂದ ತಂಬುಳಿ ಮಾಡುವುದುಂಟು. ಅಪರೂಪಕ್ಕೊಮ್ಮೆ ಊಟದಲ್ಲಿ ಬಳಸುವ ನಾಲ್ಕಾರು ಎಲೆಗೂ, ದಿನವೂ ಕುಡಿಯುವ ಗಟ್ಟಿ ಕಷಾಯಕ್ಕೂ ಬಹಳ ಅಂತರವಿದೆಯೆಂಬುದನ್ನು ಮರೆಯಬಾರದು.

ಇಂದಿನ ಸಂಶೋಧನೆ ಏನು ಹೇಳುತ್ತದೆ

ಅಮೃತಬಳ್ಳಿಯ ಕಾಂಡದಲ್ಲಿ ಬರ್ಬೆರಿನ್, ಪಾಲ್ಮಟಿನ್, ಮ್ಯಾಗ್ನೋಫ್ಲೋರಿನ್ ಮುಂತಾದ ಕ್ಷಾರಾಭಗಳೂ ಹಲವು ಕಹಿ ವಸ್ತುಗಳೂ ಇವೆ. ಅರಾಬಿನೋಗ್ಯಾಲಕ್ಟನ್ ಎಂಬ ಒಂದು ಬಗೆಯ ಸಕ್ಕರೆ ಸರಪಳಿಯೂ ಇದೆ. ಇದು ದೇಹದ ರಕ್ಷಣಾ ಕಣಗಳನ್ನು ಚುರುಕುಗೊಳಿಸುತ್ತದೆಂದು ಪ್ರಯೋಗಶಾಲೆಯ ಪರೀಕ್ಷೆಗಳಿಂದ ತಿಳಿದುಬಂದಿದೆ. 2005ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಅಲರ್ಜಿಯಿಂದ ಸೀನು, ಮೂಗು ಸೋರುವಿಕೆಯಿದ್ದ 75 ರೋಗಿಗಳಲ್ಲಿ ಕೆಲವರಿಗೆ ಅಮೃತಬಳ್ಳಿಯ ಸಾರವನ್ನೂ ಉಳಿದವರಿಗೆ ಔಷಧಿಯಿಲ್ಲದ ಗುಳಿಗೆಯನ್ನೂ 8 ವಾರ ಕೊಡಲಾಯಿತು. ಸಾರ ಪಡೆದವರಲ್ಲಿ ತೊಂದರೆ ಗಮನಾರ್ಹವಾಗಿ ತಗ್ಗಿತು. ರಕ್ತದ ಸಕ್ಕರೆಯನ್ನು ಇಳಿಸುವ ಗುಣವೂ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದ್ದರಿಂದ ಈ ಬಳ್ಳಿಯಲ್ಲಿ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ.

ಶಕ್ತಿಯಿರುವುದರಿಂದಲೇ ಅಪಾಯವೂ ಇದೆ. ದೇಹದ ರಕ್ಷಣಾ ಕಣಗಳು ಹೊರಗಿನ ರೋಗಾಣುಗಳ ಮೇಲೆ ಹೋರಾಡಿದರೆ ಒಳ್ಳೆಯದು. ಕೆಲವರಲ್ಲಿ ಅವು ದಾರಿತಪ್ಪಿ ಸ್ವಂತ ದೇಹದ ಅಂಗಗಳ ಮೇಲೆಯೇ ಹೋರಾಡುತ್ತವೆ. ಕೆಲವು ಬಗೆಯ ಥೈರಾಯಿಡ್ ರೋಗ, ಕೀಲುವಾತ, ಯಕೃತ್ತಿನ ಉರಿಯೂತಗಳು ಹೀಗೆ ಬರುತ್ತವೆ. ಅಂತಹವರಿಗೆ ಈ ಕಣಗಳನ್ನು ಇನ್ನಷ್ಟು ಚುರುಕುಗೊಳಿಸುವ ಔಷಧಿ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಮುಂಬಯಿಯ ವೈದ್ಯರು 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಯಕೃತ್ತಿನ ಹಾನಿಯಿಂದ ಬಂದ 6 ಮಂದಿ ರೋಗಿಗಳಲ್ಲಿ ಅಮೃತಬಳ್ಳಿಯ ಸೇವನೆಯನ್ನು ಗುರುತಿಸಿ 2021ರಲ್ಲಿ ವರದಿ ಮಾಡಿದರು. 2022ರಲ್ಲಿ ದೇಶದ 13 ಆಸ್ಪತ್ರೆ ಕೇಂದ್ರಗಳಿಂದ ಇಂತಹ 43 ರೋಗಿಗಳ ವಿವರ ಪ್ರಕಟವಾಯಿತು. ಇವರಲ್ಲಿ ಅನೇಕರಿಗೆ ಮೇಲೆ ಹೇಳಿದಂತಹ, ದೇಹವು ತನ್ನ ಮೇಲೆಯೇ ತಿರುಗಿಬೀಳುವ ಲಕ್ಷಣಗಳಿದ್ದವು. ಕೇಂದ್ರದ ಆಯುಷ್ ಸಚಿವಾಲಯ ಈ ತೀರ್ಮಾನವನ್ನು ಒಪ್ಪಲಿಲ್ಲ. ಸರಿಯಾದ ಅಮೃತಬಳ್ಳಿಯನ್ನು ಸರಿಯಾದ ಪ್ರಮಾಣದಲ್ಲಿ ಬಳಸಿದರೆ ಅಪಾಯವಿಲ್ಲ, ಕ್ರಿಸ್ಪ ಜಾತಿಯನ್ನು ತಪ್ಪಾಗಿ ಬಳಸಿರುವ ಸಾಧ್ಯತೆಯಿದೆ ಎಂದು ಅದು ತಿಳಿಸಿತು.

ತಜ್ಞರ ಚರ್ಚೆ ಹೇಗೇ ಇರಲಿ, ಬಳಸುವವರು ಅನುಸರಿಸಬೇಕಾದ ದಾರಿ ಒಂದೇ. ಬಳ್ಳಿಯ ಗುರುತು ಖಚಿತವಾಗಿರಬೇಕು, ಪ್ರಮಾಣ ಮೀರಬಾರದು, ವೈದ್ಯರ ಸಲಹೆಯಿಲ್ಲದೆ ದಿನದಿನವೂ ವಾರಗಟ್ಟಲೆ ಕುಡಿಯಬಾರದು.

ಯಾರು ಬಳಸಬಾರದು

• ಯಕೃತ್ತಿನ ಕಾಯಿಲೆಯುಳ್ಳವರು, ಹಿಂದೆ ಕಾಮಾಲೆಯಾದವರು, ಮದ್ಯಪಾನದ ಅಭ್ಯಾಸವುಳ್ಳವರು.
• ಕೀಲುವಾತ, ಥೈರಾಯಿಡ್ ಮುಂತಾದ ರೋಗಗಳು ದೇಹದ ರಕ್ಷಣಾ ಕಣಗಳ ದೋಷದಿಂದ ಬಂದಿವೆಯೆಂದು ವೈದ್ಯರು ಹೇಳಿರುವವರು.
• ಮೂತ್ರಪಿಂಡ ಮೊದಲಾದ ಅಂಗಗಳನ್ನು ಕಸಿ ಮಾಡಿಸಿಕೊಂಡು ಔಷಧಿ ತೆಗೆದುಕೊಳ್ಳುತ್ತಿರುವವರು.
• ಗರ್ಭಿಣಿಯರು ಮತ್ತು ಮೊಲೆಯೂಡಿಸುವ ತಾಯಂದಿರು.
• ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ವೈದ್ಯರಿಗೆ ತಿಳಿಸದೆ ಬಳಸಬಾರದು. ಎರಡೂ ಕೂಡಿ ಸಕ್ಕರೆಯ ಪ್ರಮಾಣ ತೀರ ಇಳಿದು ತಲೆಸುತ್ತು, ಬೆವರು, ಪ್ರಜ್ಞೆ ತಪ್ಪುವುದು ಸಂಭವಿಸಬಹುದು.

ಕಷಾಯ ಕುಡಿಯುತ್ತಿರುವಾಗ ಊಟ ಸೇರದಿರುವುದು, ಓಕರಿಕೆ, ಅತಿಯಾದ ಆಯಾಸ, ಮೈತುರಿಕೆ, ಮೂತ್ರ ಕಡು ಹಳದಿಯಾಗುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ಕೂಡಲೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಕಷಾಯ ಕುಡಿದ ವಿಷಯವನ್ನು ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ಬಳ್ಳಿಯ ತುಂಡೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಕಾಮಾಲೆಯಾದವರು ತಾವಾಗಿ ಅಮೃತಬಳ್ಳಿಯನ್ನು ಕುಡಿಯಬಾರದು ಎನ್ನುವುದಕ್ಕೂ ಇದೇ ಕಾರಣ. ಕಾಮಾಲೆಗೆ ಹಲವು ಕಾರಣಗಳಿದ್ದು, ಮೊದಲು ರಕ್ತ ಪರೀಕ್ಷೆಯಿಂದ ಅದನ್ನು ತಿಳಿಯಬೇಕು.

ಜ್ವರದ ವಿಷಯದಲ್ಲಿ ಇನ್ನೊಂದು ಮಾತು. ಹಿಂದೆ ಜ್ವರ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದುದರಲ್ಲಿ ಮಲೇರಿಯ, ಡೆಂಗೆ, ವಿಷಮಶೀತ ಜ್ವರ, ಗದ್ದೆಯ ಕೆಸರಿನಲ್ಲಿ ಕೆಲಸ ಮಾಡುವವರಿಗೆ ತಗಲುವ ಇಲಿಜ್ವರ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಎಲ್ಲವೂ ಸೇರಿವೆ. ಇವುಗಳಲ್ಲಿ ಕೆಲವಕ್ಕೆ ಒಂದೆರಡು ದಿನದ ವಿಳಂಬವೂ ಪ್ರಾಣಾಪಾಯಕ್ಕೆ ದಾರಿ. ಎರಡು ದಿನಗಳಲ್ಲಿ ಇಳಿಯದ ಜ್ವರಕ್ಕೆ ಕಷಾಯವನ್ನೇ ನಂಬಿ ಕೂರದೆ ರಕ್ತ ಪರೀಕ್ಷೆ ಮಾಡಿಸಬೇಕು. ಮೈಮೇಲೆ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ, ತೀವ್ರ ಹೊಟ್ಟೆನೋವು, ಉಸಿರಾಟದ ತೊಂದರೆ ಇದ್ದರೆ ಎರಡು ದಿನ ಕಾಯುವುದೂ ಬೇಡ.

ಬೇಸಾಯ ಕ್ರಮ

ಅಮೃತಬಳ್ಳಿಗೆ ಪ್ರತ್ಯೇಕ ಜಮೀನು ಮೀಸಲಿಡಬೇಕಾದ ಅಗತ್ಯವಿಲ್ಲ. ಬೇಲಿ, ಬದು, ಮನೆಯ ಹಿತ್ತಲುಗಳೇ ಇದಕ್ಕೆ ಸಾಕು. ನೀರು ಬಸಿದುಹೋಗುವ ಯಾವುದೇ ಮಣ್ಣಿನಲ್ಲಿ ಬೆಳೆಯುತ್ತದೆ. ಸಾವಯವ ಅಂಶವುಳ್ಳ ಮರಳುಮಿಶ್ರಿತ ಗೋಡುಮಣ್ಣು ಉತ್ತಮ. ನೀರು ನಿಲ್ಲುವ ಜಾಗದಲ್ಲಿ ಕಾಂಡ ಕೊಳೆಯುತ್ತದೆ.

ಬೀಜಕ್ಕಿಂತ ಕಾಂಡದ ತುಂಡುಗಳಿಂದ ಸಸ್ಯಾಭಿವೃದ್ಧಿ ಮಾಡುವುದು ಸುಲಭ. ಪೆನ್ಸಿಲಿಗಿಂತ ಸ್ವಲ್ಪ ದಪ್ಪವಾದ, 2-3 ಗಿಣ್ಣುಗಳುಳ್ಳ, 15ರಿಂದ 20 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಆರಿಸಿ, ಜೂನ್-ಜುಲೈ ತಿಂಗಳಿನಲ್ಲಿ ಮುಂಗಾರು ಮಳೆ ಹಿಡಿದ ಮೇಲೆ ನೆಡಬೇಕು. ಬುಡದ ತುದಿ ಕೆಳಗಿರುವಂತೆಯೂ ಒಂದು ಗಿಣ್ಣಾದರೂ ಮಣ್ಣಿನೊಳಗಿರುವಂತೆಯೂ ನೋಡಿಕೊಳ್ಳಬೇಕು. ಪಾಲಿಥೀನ್ ಚೀಲಗಳಲ್ಲಿ ಬೇರು ಬರಿಸಿ ಆಮೇಲೆ ನೆಡುವುದೂ ಆಗಬಹುದು. ಸಾಲಾಗಿ ಬೆಳೆಯುವವರು 10 ಅಡಿಗೆ 10 ಅಡಿ ಅಂತರ ಕೊಟ್ಟರೆ ಎಕರೆಗೆ ಸುಮಾರು 435 ಬಳ್ಳಿಗಳು ಹಿಡಿಯುತ್ತವೆ. ಗುಂಡಿಗೆ ಒಂದೆರಡು ಬೊಗಸೆ ಕೊಟ್ಟಿಗೆ ಗೊಬ್ಬರ ಸಾಕು. ಮೊದಲ ಬೇಸಿಗೆಯಲ್ಲಿ ಆಗಾಗ್ಗೆ ನೀರು ಕೊಟ್ಟು, ಬುಡದ ಕಳೆ ತೆಗೆಯುತ್ತಿದ್ದರೆ ಮುಂದೆ ಹೆಚ್ಚಿನ ಆರೈಕೆ ಬೇಕಾಗುವುದಿಲ್ಲ.

ಆಸರೆಗೆ ಬೇವು, ಗ್ಲಿರಿಸಿಡಿಯ, ಹೊಂಗೆ ಮೊದಲಾದ ಮರಗಳು ಸೂಕ್ತ. ಬೇವಿನ ಮೇಲೆ ಹಬ್ಬಿದ ಬಳ್ಳಿಯೇ ಉತ್ತಮವೆಂದು ವೈದ್ಯರಲ್ಲಿ ನಂಬಿಕೆಯಿದ್ದು, ಕೊಳ್ಳುವವರೂ ಅದನ್ನು ಕೇಳುವುದುಂಟು. ಕೀಟನಾಶಕ ಸಿಂಪಡಿಸುವ ಹೊಲಗಳ ಅಂಚಿನ ಬೇಲಿ, ವಾಹನಗಳ ಹೊಗೆ ಬೀಳುವ ಹೆದ್ದಾರಿ, ಚರಂಡಿಗಳ ಪಕ್ಕ ಬೆಳೆದ ಬಳ್ಳಿಯನ್ನು ಔಷಧಿಗೆ ಕೊಯ್ಯಬಾರದು.

ಹಣ್ಣಿನ ತೋಟದವರಿಗೆ ಸೂಚನೆ

ದಾಳಿಂಬೆ, ಕಿತ್ತಳೆ, ಮೋಸಂಬಿ, ಸೀಬೆ ಬೆಳೆಯುವವರು ತೋಟದ ಬೇಲಿಯಲ್ಲಿ ಅಮೃತಬಳ್ಳಿಯನ್ನು ಬೆಳೆಸಬಾರದು. ರಾತ್ರಿಯ ವೇಳೆ ಬಂದು ಮಾಗುತ್ತಿರುವ ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ದೊಡ್ಡ ಪತಂಗಗಳು ಅನೇಕರಿಗೆ ಗೊತ್ತು. ಚುಚ್ಚಿದ ಜಾಗದಲ್ಲಿ ಹಣ್ಣು ಕೊಳೆತು ಉದುರುತ್ತದೆ. ಈ ಪತಂಗದ ಮರಿಹುಳುಗಳು ಹಣ್ಣನ್ನು ತಿನ್ನುವುದಿಲ್ಲ. ಅವು ಬದುಕುವುದು ಅಮೃತಬಳ್ಳಿ ಮತ್ತು ಅದರ ಕುಟುಂಬದ ಇತರ ಬಳ್ಳಿಗಳ ಎಲೆಯ ಮೇಲೆ. ಬಳ್ಳಿ ತೋಟದ ಪಕ್ಕದಲ್ಲಿದ್ದರೆ ಪತಂಗಕ್ಕೆ ತೊಟ್ಟಿಲು ಕಟ್ಟಿಕೊಟ್ಟಂತೆ. ಆದ್ದರಿಂದ ಹಣ್ಣಿನ ತೋಟದ ಸುತ್ತಮುತ್ತ ಇದನ್ನು ಬೇರುಸಹಿತ ಕಿತ್ತುಹಾಕುವುದೇ ಸರಿ. ಕತ್ತರಿಸಿದ ತುಂಡುಗಳನ್ನು ಅಲ್ಲಿಯೇ ಬಿಟ್ಟರೆ ಮತ್ತೆ ಚಿಗುರುವುದರಿಂದ ಅವನ್ನು ಆರಿಸಿ ಒಣಗಿಸಬೇಕು. ರಾಗಿ, ಜೋಳ ಮುಂತಾದ ಬೆಳೆಗಳ ಹೊಲದಲ್ಲಿ ಈ ತೊಂದರೆಯಿಲ್ಲ.

ಕೊಯ್ಲು ಮತ್ತು ಸಂಗ್ರಹಣೆ

ಬಳ್ಳಿ ನೆಟ್ಟು ಸುಮಾರು ಎರಡು ವರ್ಷಗಳಾದ ಮೇಲೆ, ಕಾಂಡ ಹೆಬ್ಬೆರಳಿನ ಗಾತ್ರಕ್ಕೆ ಬಂದಾಗ ಕೊಯ್ಯಬಹುದು. ಬೇಸಿಗೆಯಲ್ಲಿ, ವಿಶೇಷವಾಗಿ ಮೇ ತಿಂಗಳಿನಲ್ಲಿ, ಕೊಯ್ದ ಕಾಂಡ ಉತ್ತಮವೆಂದು ಔಷಧಕೋಶ ಹೇಳುತ್ತದೆ. ಬುಡದಿಂದ ಒಂದೆರಡು ಅಡಿ ಬಿಟ್ಟು ಮೇಲಿನ ಭಾಗವನ್ನು ಮಾತ್ರ ಕತ್ತರಿಸಬೇಕು. ಉಳಿದ ಬುಡ ಮಳೆಗಾಲದಲ್ಲಿ ಮತ್ತೆ ಚಿಗುರುತ್ತದೆ. 2020ರ ನಂತರದ ಬೇಡಿಕೆಯಲ್ಲಿ ಅನೇಕ ಕಡೆ ಬಳ್ಳಿಯನ್ನು ಬೇರುಸಹಿತ ಕಿತ್ತು ಮಾರಿದ್ದರಿಂದ ಮಾರುವವರಿಗೇ ನಷ್ಟವಾಯಿತು.

ಕೊಯ್ದ ಕಾಂಡವನ್ನು ತೊಳೆದು, ಒಂದೆರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ನೆರಳಿನಲ್ಲಿ ಗಾಳಿಯಾಡುವಂತೆ ತೆಳುವಾಗಿ ಹರಡಿ ಒಣಗಿಸಬೇಕು. ಕಾಂಡದಲ್ಲಿ ರಸ ಹೆಚ್ಚಿರುವುದರಿಂದ ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಮುರಿದರೆ ಚಟ್ಟನೆ ಮುರಿಯುವಷ್ಟು ಒಣಗಿದ ಮೇಲೆ ತೇವವಿಲ್ಲದ ಜಾಗದಲ್ಲಿ ಚೀಲಗಳಲ್ಲಿ ತುಂಬಿಡಬೇಕು. ಒಣಗಿದಾಗ ತೂಕ ಬಹಳ ಇಳಿಯುವುದರಿಂದ ಬೆಲೆ ಮಾತನಾಡುವಾಗ ಹಸಿಯ ಬೆಲೆಯೋ ಒಣಗಿದ್ದರ ಬೆಲೆಯೋ ಎಂದು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಕೊಳ್ಳುವವರು ಗೊತ್ತಾಗುವ ಮೊದಲು ದೊಡ್ಡ ಪ್ರಮಾಣದಲ್ಲಿ ನೆಡುವುದು ಜಾಣತನವಲ್ಲ.

ಮಾರುವ ರೈತನ ಮೇಲೂ ಒಂದು ಹೊಣೆಯಿದೆ. ಒಣಗಿದ ತುಂಡುಗಳಲ್ಲಿ ಯಾವುದು ಅಮೃತಬಳ್ಳಿ, ಯಾವುದು ಬೇರೆ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಬಳ್ಳಿಯನ್ನು ಎಲೆ, ಹೂ ಸಮೇತ ಕಾಣುವವನು ಕೊಯ್ಯುವವನೊಬ್ಬನೇ. ಅಲ್ಲಿ ತಪ್ಪು ಗುರುತಾದರೆ ಮುಂದೆ ಪುಡಿ ಮಾಡುವವನಿಗಾಗಲಿ, ಅಂಗಡಿಯವನಿಗಾಗಲಿ, ಕುಡಿಯುವ ರೋಗಿಗಾಗಲಿ ಅದು ಸುಲಭವಾಗಿ ತಿಳಿಯುವುದಿಲ್ಲ.

ಅಮೃತಬಳ್ಳಿಯನ್ನು ಪೂರ್ವಿಕರು ಗೌರವಿಸಿದ್ದಕ್ಕೆ ಕಾರಣವಿದೆ. ಅವರೇ ಅದಕ್ಕೆ ತೂಕ, ಅನುಪಾನ, ರೋಗ, ಋತುಗಳ ಕಟ್ಟುಪಾಡನ್ನೂ ಹಾಕಿಟ್ಟಿದ್ದರು. ಹೆಸರನ್ನು ಮಾತ್ರ ಉಳಿಸಿಕೊಂಡು ಕಟ್ಟುಪಾಡನ್ನು ಬಿಟ್ಟರೆ ಪ್ರಯೋಜನವಿಲ್ಲ. ರೈತ ಬಾಂಧವರು ಈ ಮಳೆಗಾಲದಲ್ಲಿ ಗುರುತು ಖಚಿತವಾದ ಒಂದೆರಡು ತುಂಡುಗಳನ್ನು ಹಿತ್ತಲಿನ ಬೇವಿನ ಬುಡದಲ್ಲಿ ನೆಟ್ಟು, ಬೇಕಾದಾಗ ಬೇಕಾದಷ್ಟನ್ನೇ ಬಳಸಿ ಪ್ರಯೋಜನ ಪಡೆಯಲಿ.